ಮಾಯನ್ ಚೀರದ ತಂಬುಳಿ

ಆ ಮಧ್ಯಾಹ್ನ ತಂಬುಳಿಯ ಬಣ್ಣ ಹೇಗಿತ್ತು ಎಂದು ಆಮೇಲೆ ಆಸ್ಪತ್ರೆಯಲ್ಲಿ ನಮ್ಮನ್ನೆಲ್ಲ ಒಬ್ಬೊಬ್ಬರಾಗಿ ಕೇಳಿದರು. ತಂಗಿ ಎಳೆ ಹಸಿರು ಅಂದಳು. ಅವಳ ಗಂಡ ಕಡು ಹಸಿರು ಅಂದ. ನನಗೆ ಕಣ್ಣಿಗೆ ಕಟ್ಟಿದಂತಿರುವುದು ಬೋಗುಣಿಯ ಅಂಚಿಗೆ ಅಂಟಿಕೊಂಡಿದ್ದ ಒಗ್ಗರಣೆಯ ಒಣಮೆಣಸಿನ ಚೂರು ಮಾತ್ರ. ಬೇಡದ್ದನ್ನು ಇಷ್ಟು ಸ್ಪಷ್ಟವಾಗಿ ಇಟ್ಟುಕೊಂಡು, ಬೇಕಾದದ್ದನ್ನು ಬಿಟ್ಟುಬಿಡುವ ನನ್ನ ನೆನಪಿನ ಮೇಲೆ ಅಂದಿನಿಂದ ನನಗೆ ನಂಬಿಕೆ ಇನ್ನಷ್ಟು ಕಡಿಮೆಯಾಗಿದೆ. ಹಾಗಾಗಿ ಇಲ್ಲಿ ಬರೆಯುವುದರಲ್ಲಿ ನಾನು ಕಂಡದ್ದು ಯಾವುದು, ಆಮೇಲೆ ಕೇಳಿದ್ದು ಯಾವುದು ಎಂದು ಆದಷ್ಟು ಬೇರೆ ಮಾಡಿ ಹೇಳುತ್ತೇನೆ.

ತಂಗಿಗೆ ಆಗ ಏಳು ತಿಂಗಳು. ರಕ್ತ ತೀರ ಕಡಿಮೆ ಇತ್ತು. ಕಬ್ಬಿಣದ ಮಾತ್ರೆ ನುಂಗಿದರೆ ಅರ್ಧ ಗಂಟೆಯಲ್ಲಿ ವಾಂತಿ. ಮುಂದಿನ ತಪಾಸಣೆಗೆ ಬರುವಷ್ಟರಲ್ಲಿ ಏರದೇ ಹೋದರೆ ಕಬ್ಬಿಣವನ್ನು ರಕ್ತನಾಳಕ್ಕೇ ಕೊಡಬೇಕಾಗುತ್ತದೆ, ಹೆರಿಗೆಯ ಹೊತ್ತಿಗೆ ತೊಂದರೆಯಾಗಬಹುದು ಎಂದು ಡಾಕ್ಟರು ಹೇಳಿದ್ದರು. ಅವಳ ತುಟಿ, ಉಗುರು ನೋಡಿದರೆ ಡಾಕ್ಟರು ಬೇಕಿರಲಿಲ್ಲ. ಕೊಚ್ಚಿಯ ಐ.ಟಿ. ಪಾರ್ಕಿನ ಹತ್ತಿರ ಅವರ ಫ್ಲ್ಯಾಟು. ಅವಳನ್ನು ನೋಡಿಕೊಳ್ಳಲು ಅಮ್ಮ ಕಾಸರಗೋಡಿನಿಂದ ಬಂದಿದ್ದಳು. ನಾನು ತಿರುವನಂತಪುರದಿಂದ ಶನಿವಾರಗಳಂದು ರೈಲಿನಲ್ಲಿ ಹೋಗಿಬರುತ್ತಿದ್ದೆ.

ಚಿಕ್ಕಂದಿನಿಂದ ಸೊಪ್ಪನ್ನು ಕಂಡರೆ ಮುಖ ತಿರುಗಿಸುವವಳು ನನ್ನ ತಂಗಿ. ಮದುವೆಯಾದ ಮೇಲೆ ಅದಕ್ಕೊಂದು ಕಾರಣವೂ ಸಿಕ್ಕಿತು. ಅವಳ ಗಂಡ ಮೈಸೂರಿನವನು, ಸಾಧು. ಆಫೀಸಿನ ವಾಟ್ಸಾಪ್ ಗುಂಪಿನಲ್ಲಿ ಗಡಿ ದಾಟಿ ಬರುವ ಲಾರಿಗಳ ಬಗ್ಗೆ, ತರಕಾರಿಗೆ ಹೊಡೆಯುವ ವಿಷದ ಬಗ್ಗೆ ದಿನವೂ ಏನಾದರೊಂದು ಬರುತ್ತಿತ್ತು. ಅವನು ಬೀನ್ಸನ್ನೂ ಬೆಂಡೆಯನ್ನೂ ಅರಿಶಿನದ ನೀರಿನಲ್ಲಿ, ಆಮೇಲೆ ಹುಣಸೆ ನೀರಿನಲ್ಲಿ ನೆನೆಸಿಡುತ್ತಿದ್ದ. ಅವು ಬಾಡಿ ಜೋತುಬೀಳುತ್ತಿದ್ದವು. ಆದರೂ ಅವನಿಗೆ ಧೈರ್ಯ ಬರುತ್ತಿರಲಿಲ್ಲ. ಕ್ರಮೇಣ ತರುವುದೇ ಕಡಿಮೆಯಾಗಿ, ಪರೋಟ, ಬಿಸ್ಕತ್ತು, ಫೋನಿನಲ್ಲಿ ತರಿಸಿದ ಬಿರಿಯಾನಿಯಲ್ಲಿ ದಿನ ಕಳೆಯುವ ಅಭ್ಯಾಸವಾಯಿತು. ವಿಷದ ಭಯದಿಂದ ಅವರು ತರಕಾರಿ ಬಿಟ್ಟಿದ್ದರು. ತರಕಾರಿ ಬಿಟ್ಟದ್ದಕ್ಕೆ ಅವರಿಗೆ ಯಾವ ಭಯವೂ ಇರಲಿಲ್ಲ.

ನನ್ನ ಕೆಲಸವೇ ಇದರದ್ದು. ತಿರುವನಂತಪುರದ ಪಟ್ಟಂನ ಒಂದು ಕಚೇರಿಯಲ್ಲಿ ಕೂತು, ಅಂಗನವಾಡಿಗಳ ಹಿತ್ತಿಲಲ್ಲಿ ಸೊಪ್ಪು ತರಕಾರಿ ಬೆಳೆಸುವ, ಬಡ ಮನೆಗಳ ತಟ್ಟೆಯಲ್ಲಿ ಅದು ಸೇರುವಂತೆ ಮಾಡುವ ಒಂದು ಯೋಜನೆಗೆ ದುಡಿಯುತ್ತೇನೆ. ಊರೂರಿನ ತಾಯಂದಿರ ಮುಂದೆ ಮಾತಾಡುವ ನನ್ನಿಂದ ನನ್ನ ತಂಗಿಗೆ ಒಂದು ತುತ್ತು ಸೊಪ್ಪು ತಿನ್ನಿಸಲು ಆಗಿರಲಿಲ್ಲ. ಅದನ್ನು ಅಮ್ಮ ಮಾಡಿದಳು.

ಕೆಳಗಿನ ಮಹಡಿಯಲ್ಲಿ ನಿವೃತ್ತ ಅಧ್ಯಾಪಕಿಯೊಬ್ಬರಿದ್ದರು. ಇಡೀ ಕಟ್ಟಡ ಅವರನ್ನು ಟೀಚರ್ ಎಂದೇ ಕರೆಯುತ್ತಿತ್ತು. ತಾರಸಿಯಲ್ಲಿ ಮಣ್ಣು ತುಂಬಿದ ಗ್ರೋಬ್ಯಾಗುಗಳ ಸಾಲೇ ಅವರದ್ದು: ಹರಿವೆ, ಬದನೆ, ಅಲಸಂಡೆ, ಮತ್ತೆ ಒಂದು ಮೂಲೆಯಲ್ಲಿ ಆಳೆತ್ತರದ ಮಾಯನ್ ಚೀರ; ಚೀರ ಅಂದರೆ ಸೊಪ್ಪು. ಎಲ್ಲಿಯದೋ ದೂರದೇಶದ ಗಿಡ ಅದು. ಕೊಂಬೆ ಮುರಿದು ಚುಚ್ಚಿದರೆ ಬದುಕುತ್ತದೆ, ಎಲೆ ಎಳೆ ಪಪ್ಪಾಯಿಯ ಎಲೆಯ ಹಾಗೆ. ಕೇರಳದ ಹಿತ್ತಿಲುಗಳಲ್ಲಿ ಅದರ ಕೊಂಬೆಗಳು ಕೈಯಿಂದ ಕೈಗೆ ಹೋಗುತ್ತವೆ. ರಕ್ತಕ್ಕೆ ಒಳ್ಳೆಯದು, ಔಷಧಿ ಹೊಡೆಯಬೇಕಾಗಿಲ್ಲ. ತಂಗಿಯ ಗಂಡನಿಗೆ ಆ ಎರಡನೆಯ ಮಾತು ಬಹಳ ಹಿಡಿಸಿತು. ಟೀಚರ್ ಅಮ್ಮನಿಗೆ ಗಿಡ ತೋರಿಸಿ, ಬೇಕಾದಾಗ ಕೊಯ್ದುಕೊಳ್ಳಿ ಅಂದಿದ್ದರಂತೆ. ಅಮ್ಮನಿಗೆ ಮಲೆಯಾಳ ನೀರು ಕುಡಿದಷ್ಟು ಸಲೀಸು. ಮಾತು ಅರ್ಥವಾಗಿಲ್ಲ ಎನ್ನುವಂತಿಲ್ಲ.

ನಾನು ಕಂಡದ್ದು ಇಲ್ಲಿಂದ. ಹನ್ನೆರಡೂವರೆಯ ಹೊತ್ತಿಗೆ ನಾನು ಬಾಗಿಲು ದಾಟುವಾಗ ಮನೆಯಲ್ಲಿ ತುಪ್ಪದಲ್ಲಿ ಹುರಿದ ಜೀರಿಗೆ, ಕಾಳುಮೆಣಸಿನ ಪರಿಮಳ. ಮಿಕ್ಸಿ ಆಗಲೇ ತೊಳೆದಿಟ್ಟಾಗಿತ್ತು. ನಾವು ಮೂವರು ಊಟಕ್ಕೆ ಕೂತೆವು. ಅಮ್ಮ ಬಡಿಸಿದಳು.

"ಇದೆಂತ ಅಮ್ಮ, ಹಸಿರು?" ತಂಗಿ ಮೂಗು ಮುರಿದಳು.

"ತಂಬುಳಿ. ಒಂದು ತುತ್ತು ಉಂಡು ನೋಡು. ಬೇಡದಿದ್ರೆ ಬಿಡು, ನಾನೇನು ನಿನ್ನ ಕೈ ಕಟ್ಟುದಿಲ್ಲ."

ತಂಗಿ ಒಂದು ತುತ್ತು ಉಂಡಳು. ಮತ್ತೊಂದು. ಆಮೇಲೆ ಲೋಟದಲ್ಲಿ ಹಾಕಿ ಕೊಡು ಅಂದಳು. ಮಜ್ಜಿಗೆಯ ಹುಳಿ ಅವಳ ಹೊಟ್ಟೆಗೆ ಹಿತವಾಗಿರಬೇಕು.

"ಅತ್ತೆ, ಇವಳಿಗೆ ದೃಷ್ಟಿ ತೆಗೀರಿ," ಅಂದ ಅವಳ ಗಂಡ. "ಮೂರು ವರ್ಷದಲ್ಲಿ ನಾನು ಇಂಥ ದೃಶ್ಯ ನೋಡಿಲ್ಲ."

"ನೀನು ಪರೋಟ ತರೋದು ನಿಲ್ಲಿಸು, ದಿನಾ ನೋಡ್ಬಹುದು," ಅಂದಳು ತಂಗಿ. ಲೋಟ ಮತ್ತೆ ಮುಂದೆ ಚಾಚಿದಳು. ಅಮ್ಮ ಬೋಗುಣಿ ಬಗ್ಗಿಸಿ ತಳದಲ್ಲಿದ್ದದ್ದನ್ನೆಲ್ಲ ಸುರಿದಳು. ಅವಳ ಮುಖದಲ್ಲಿ ಆಗ ಇದ್ದ ಸಂತೋಷ ನನಗೆ ನೆನಪಿದೆ ಎಂದು ಅನ್ನಿಸುತ್ತದೆ. ಆಮೇಲಿನ ಗಂಟೆಗಳನ್ನು ನೋಡಿದ ಮೇಲೆ ನಾನೇ ಕಲ್ಪಿಸಿಕೊಂಡೆನೋ ತಿಳಿಯದು.

ಕೈ ತೊಳೆಯುವಷ್ಟರಲ್ಲಿ ಬೆಲ್ ಆಯಿತು. ಟೀಚರ್. ಕೈಯಲ್ಲಿ ಮುಚ್ಚಿದ ಸ್ಟೀಲ್ ಡಬ್ಬಿ, ಒಳಗೆ ಮಾಯನ್ ಚೀರದ ತೋರನ್. ತೆಂಗಿನತುರಿ ಹಾಕಿದ ಅವರ ಪಲ್ಯ.

"ಮೋಳೇ, ಅಮ್ಮ ಬೆಳಿಗ್ಗೆ ಎಲೆ ಕೊಯ್ದದ್ದು ನೋಡಿದೆ. ಏನು ಮಾಡಿದರು?" ಎಂದು ತಂಗಿಯನ್ನು ಕೇಳಿದರು.

"ತಂಬುಳಿ, ಟೀಚರೇ. ಎರಡು ಲೋಟ ಕುಡಿದೆ."

"ತಂಬುಳಿ ಅಂದರೆ?"

ಅಮ್ಮ ಅಡುಗೆಮನೆಯಿಂದಲೇ ಹೇಳಿದಳು. ಎಲೆ, ಕಾಯಿತುರಿ, ಜೀರಿಗೆ, ಮೆಣಸು ಅರೆದು ಮಜ್ಜಿಗೆಗೆ ಕಲಸುವುದು.

"ಎಷ್ಟು ಹೊತ್ತು ಬೇಯಿಸಿದಿರಿ ಚೇಚೀ?" ಟೀಚರಿಗೆ ಅಮ್ಮ ಚೇಚಿ, ಅಂದರೆ ಅಕ್ಕ.

"ಬೇಯಿಸ್ಲಿಕ್ಕೆ ಎಂತ ಉಂಟು? ತಂಬುಳಿ ಅಲ್ವಾ?" ಆಶ್ಚರ್ಯದಲ್ಲಿ ಅಮ್ಮನ ಬಾಯಿಂದ ಕನ್ನಡವೇ ಬಂತು.

ಟೀಚರ್ ನನ್ನ ಕಡೆ ತಿರುಗಿದರು. ಕನ್ನಡ ಬಾರದಿದ್ದರೂ ಅವರಿಗೆ ಉತ್ತರ ತಿಳಿದಿತ್ತು. ಡಬ್ಬಿಯನ್ನು ಮೇಜಿನ ಮೇಲಿಟ್ಟು, "ಹಸಿ ತಿನ್ನಬಾರದು," ಅಂದರು. "ಅದರಲ್ಲಿ ವಿಷವಿದೆ. ಕಾಲು ಗಂಟೆಯಾದರೂ ಮುಚ್ಚಳ ತೆಗೆದು ಬೇಯಿಸಬೇಕು, ಆಮೇಲೆ ಏನೂ ಇಲ್ಲ. ನಾನು ಬೇಯಿಸಬೇಕು ಅಂದಿದ್ದೆನಲ್ಲ?"

ಆ ಮನೆಯಲ್ಲಿ ವಿಷ ಎಂಬ ಮಾತು ವರ್ಷಗಳಿಂದ ದಿನವೂ ಕೇಳಿಬರುತ್ತಿತ್ತು. ಆ ಒಂದು ಸಲ ಮಾತ್ರ ತಂಗಿಯ ಗಂಡ ಅದನ್ನು ಕೇಳಿ ಚಪ್ಪಲಿ ಹುಡುಕತೊಡಗಿದ.

ತಂಗಿ ಕುರ್ಚಿಯಲ್ಲಿ ಕೂತಳು. ಎರಡೂ ಕೈ ಹೊಟ್ಟೆಯ ಮೇಲೆ. "ಅಕ್ಕ, ನನಗೆ ತಲೆ ತಿರುಗ್ತಾ ಉಂಟು."

ನಮಗಿದ್ದ ಕಷ್ಟ ಅದೇ. ಅವಳಿಗೆ ಎರಡು ತಿಂಗಳಿಂದ ತಲೆ ತಿರುಗುತ್ತಿತ್ತು. ವಾಕರಿಕೆ ದಿನವೂ ಇತ್ತು. ಮೆಟ್ಟಿಲು ಹತ್ತಿದರೆ ಏದುಸಿರು. ಯಾವುದು ರಕ್ತದ ಕೊರತೆಯದು, ಯಾವುದು ಎಲೆಯದು, ಯಾವುದು ಹೆದರಿಕೆಯದು? ನಾನೂ ಅದೇ ತಂಬುಳಿ ಉಂಡಿದ್ದೆ. ನನ್ನ ನಾಲಿಗೆ ಒಣಗುತ್ತಿದೆ ಎಂದು ಅನ್ನಿಸತೊಡಗಿತು.

ತಂಗಿಯ ಗಂಡ ಲಿಫ್ಟಿನ ಬಟನ್ ಒತ್ತಿ ಹಿಡಿದು ನಿಂತಿದ್ದ. ನಾನು ಫೋನ್ ಮಾಡಿದ್ದು ಶ್ರೀಕಾರ್ಯಂನ ಗೆಡ್ಡೆಗೆಣಸು ಸಂಶೋಧನಾ ಕೇಂದ್ರದಲ್ಲಿದ್ದ ನನ್ನ ಪರಿಚಯದವರೊಬ್ಬರಿಗೆ. ಮರಗೆಣಸಿನ ಮೇಲೆ ಕೆಲಸ ಮಾಡಿದವರು. ಮಾಯನ್ ಚೀರ ಮರಗೆಣಸಿನ ದಾಯಾದಿ, ಇದರ ವಿಷವೂ ಅದರದ್ದೇ ಬಗೆಯದು.

"ಎಷ್ಟು ಎಲೆ? ಎಷ್ಟು ಜನಕ್ಕೆ?"

"ಅಮ್ಮ, ಎಷ್ಟು ಎಲೆ?"

"ಒಂದು ಹಿಡಿ."

"ಸ್ವಲ್ಪವಾದರೂ ಬಿಸಿ ಮಾಡಿದ್ದರಾ? ಅರೆದು ಹಾಗೇ ಇಟ್ಟಿದ್ದರಾ, ತಕ್ಷಣ ಉಂಡಿರಾ?"

ಅಮ್ಮ ನನ್ನ ಮುಖ ನೋಡಿದಳು. "ಬಿಸಿ ಮಾಡಿದೆ. ತುಪ್ಪದಲ್ಲಿ ಬಾಡಿಸಿದೆ."

"ಈಗಷ್ಟೇ ಬೇಯಿಸಲಿಕ್ಕೆ ಎಂತ ಉಂಟು ಅಂದಿಯಲ್ಲ?"

"ಬಾಡಿಸುದು ಬೇಯಿಸಿದ ಹಾಗೆಯಾ? ಅವರು ಬೇಯಿಸುದು ಕೇಳಿದ್ದು."

ಫೋನಿನಲ್ಲಿದ್ದವರು, ಏನಿದ್ದರೂ ಆಸ್ಪತ್ರೆಗೆ ಹೋಗಿ ಅಂದರು. ಇಲ್ಲಿ ನಿಂತು ಹೇಳಬೇಕು. ನಮ್ಮಲ್ಲಿ ತಂಬುಳಿಗೆ ಎರಡು ದಾರಿ. ಒಂದೆಲಗವನ್ನು ಹಸಿಯಾಗಿಯೇ ಅರೆಯುತ್ತಾರೆ. ದೊಡ್ಡಪತ್ರೆಯನ್ನು ತುಪ್ಪದಲ್ಲಿ ಬಾಡಿಸಿ ಅರೆಯುತ್ತಾರೆ. ಎರಡರಲ್ಲೂ ಯಾರೂ ಎಲೆಯನ್ನು ನೀರಿನಲ್ಲಿ ಕುದಿಸುವುದಿಲ್ಲ. ಕುದಿಸಿದರೆ ಸತ್ವ ಹೋಯಿತು ಎಂದು ಬೆಳೆದವಳು ಅಮ್ಮ. ಟೀಚರ್ ಬೇಯಿಸಿ ಅಂದಿರಬಹುದು. ಅದು ಪಲ್ಯದ ಮಾತು ಎಂದುಕೊಂಡಿರಬಹುದು ಅಮ್ಮ. ಹಾಗಾದರೆ ಆ ಬೆಳಿಗ್ಗೆ ಅವಳು ಹಿಡಿದದ್ದು ಯಾವ ದಾರಿ? ತುಪ್ಪದ ಪರಿಮಳ ನನಗೆ ಬಂದಿತ್ತು. ಅದಕ್ಕೆ ಜೋತುಬಿದ್ದೆ. ಆಟೋದಲ್ಲಿ ಅರ್ಧ ದಾರಿ ಹೋದ ಮೇಲೆ ಹೊಳೆಯಿತು: ಜೀರಿಗೆ, ಮೆಣಸನ್ನು ಯಾವ ತಂಬುಳಿಗಾದರೂ ತುಪ್ಪದಲ್ಲೇ ಹುರಿಯುವುದು. ಆ ಪರಿಮಳ ಏನನ್ನೂ ಸಾಬೀತು ಮಾಡುವುದಿಲ್ಲ.

ಆಸ್ಪತ್ರೆಯಲ್ಲಿ ಡ್ಯೂಟಿ ಡಾಕ್ಟರು ಚಿಕ್ಕ ವಯಸ್ಸಿನ ಹೆಂಗಸು. ಗಿಡದ ಹೆಸರು ಅವರಿಗೆ ಗೊತ್ತಿತ್ತು. ಅವರ ಮನೆಯ ಗೋಡೆಯ ಬದಿಯಲ್ಲೂ ಅದು ಇದೆಯಂತೆ. ತಂಗಿಯ ನಾಡಿ, ಉಸಿರು, ರಕ್ತದೊತ್ತಡ ನೋಡಿ, ಮಗುವಿನ ಎದೆಬಡಿತ ಕೇಳುವ ಯಂತ್ರದ ಪಟ್ಟಿಯನ್ನು ಹೊಟ್ಟೆಗೆ ಬಿಗಿದರು. ಕುದುರೆ ಓಡುವಂಥ ಸದ್ದು ಕೋಣೆಯನ್ನು ತುಂಬಿತು. ಆ ಸದ್ದು ಒಂದಿಷ್ಟು ತಗ್ಗಿದರೆ ನಾವೆಲ್ಲ ಉಸಿರು ಹಿಡಿಯುತ್ತಿದ್ದೆವು.

"ಯಾರು ಅಡುಗೆ ಮಾಡಿದ್ದು?" ಎಂದರು ಡಾಕ್ಟರು.

ಅಮ್ಮ ಮುಂದೆ ಬಂದಳು. ಈ ಸಲ ಅವಳು, ಎಲೆಯ ಮೇಲೆ ಕುದಿಯುವ ನೀರು ಹಾಕಿ, ಅದನ್ನು ಚೆಲ್ಲಿ, ಆಮೇಲೆ ಬಾಡಿಸಿದೆ ಅಂದಳು. ತೊಟ್ಟು ಮುರಿದಾಗ ಹಾಲು ಬಂತು, ಹಾಲಿರುವ ಸೊಪ್ಪನ್ನು ನಮ್ಮ ಕಡೆ ಹಾಗೆ ಬಳಸುವುದಿಲ್ಲ, ಅದಕ್ಕೆ ನೀರು ಹಾಕಿದೆ ಅಂದಳು. ಹೇಳಿದ ಪ್ರತಿ ಸಲವೂ ಸೊಪ್ಪು ಇನ್ನಷ್ಟು ಬೇಯುತ್ತ ಹೋಗುತ್ತಿತ್ತು. ಅವಳು ಸುಳ್ಳು ಹೇಳುತ್ತಿದ್ದಾಳೆ ಎಂದು ನನಗೆ ಅನ್ನಿಸಲಿಲ್ಲ, ಈಗಲೂ ಅನ್ನಿಸುವುದಿಲ್ಲ. ಬೆಳಿಗ್ಗೆ ಕೈ ತಾನಾಗಿ ಮಾಡಿದ ಕೆಲಸ. ಕೈ ಮಾಡಿದ್ದನ್ನು ಮನಸ್ಸು ನೋಡಿರಲಿಲ್ಲ. ಈಗ ಮಗಳು ಮಂಚದ ಮೇಲಿರುವಾಗ ಅದು ಹಿಂದಿರುಗಿ ಹೋಗಿ ಒಲೆ ಹಚ್ಚುತ್ತಿತ್ತು.

"ನಿಜ ಹೇಳಿ ಅಮ್ಮ, ನನಗೆ ಅದು ಗೊತ್ತಾಗಬೇಕು," ಅಂದರು ಡಾಕ್ಟರು. ಒರಟಾಗಿ ಅಲ್ಲ.

"ನಿಜವೇ ಹೇಳುದು."

"ಎಲ್ಲರೂ ತಿಂದಿದ್ದೀರಾ?"

"ಇವರು ಮೂವರು."

"ನೀವು?"

"ನನಗೆ ಉಳಿಯಲಿಲ್ಲ."

ತಂಗಿ ಮಂಚದ ಮೇಲಿಂದ ತಲೆ ತಿರುಗಿಸಿ ಅಮ್ಮನನ್ನು ನೋಡಿದಳು. ಆ ನೋಟದಲ್ಲಿ ಏನಿತ್ತೆಂದು ನಾನು ಬರೆಯಲಾರೆ. ಅವಳು ಆಮೇಲೆ, ಸುಮ್ಮನೆ ನೋಡಿದೆ ಅಂದಳು. ಅಮ್ಮ ಮಾತ್ರ ಅದನ್ನು ಸುಮ್ಮನೆ ನೋಡಿದ್ದು ಎಂದು ತೆಗೆದುಕೊಳ್ಳಲಿಲ್ಲ. ಎರಡು ಹೆಜ್ಜೆ ಹಿಂದೆ ಸರಿದು ಗೋಡೆಗೆ ತಾಗಿ ನಿಂತಳು. ಮಾಡಿದವಳು ಅವಳು. ಉಣ್ಣದವಳೂ ಅವಳೊಬ್ಬಳೇ.

ಬೆಂದ ಎಲೆಯ ಬಣ್ಣ ಮಂಕಾಗುತ್ತದೆಂದು, ಡಾಕ್ಟರು ತಂಬುಳಿಯ ಬಣ್ಣವನ್ನೂ ನಮ್ಮನ್ನು ಕೇಳಿದರು. ಕೊನೆಗೆ ಅವರು ಹೇಳಿದ್ದು ಇಷ್ಟು. ಒಂದು ಹಿಡಿ ಎಲೆ ಮೂವರಿಗೆ ಹಂಚಿಹೋಗಿದೆ, ಏನೂ ಆಗದಿರುವ ಸಂಭವವೇ ಹೆಚ್ಚು. ಆದರೂ ಬಸುರಿ, ರಕ್ತ ಕಡಿಮೆ, ಅವಳು ಕುಡಿದದ್ದೂ ಹೆಚ್ಚು, ಸಂಜೆಯವರೆಗೆ ಇಲ್ಲೇ ಇರಲಿ. ನಾವಿಬ್ಬರು ಹೊರಗೆ ಕಾಯಬಹುದು, ಏನಾದರೂ ಅನ್ನಿಸಿದರೆ ಹೇಳಬೇಕು.

ಸಂಜೆಯವರೆಗಿನ ಹೊತ್ತಿನಲ್ಲಿ ನಡೆದದ್ದು ಏನೂ ಇಲ್ಲ. ಡೈರಿಯಲ್ಲಿ ಅಂದು ಮಳೆ ಎಂದು ಬರೆದಿದ್ದೇನೆ. ನನಗೆ ನೆನಪಿರುವುದು ಕಿಟಕಿಯ ಕಂಬಿಗಳ ನೆರಳು ತಂಗಿಯ ಕಾಲಿನ ಮೇಲೆ ಬಿದ್ದದ್ದು. ತಂಗಿಗೆ ಒಮ್ಮೆ ವಾಂತಿಯಾಯಿತು. ನರ್ಸು ಓಡಿ ಬಂದರು. ಎಂದಿನ ವಾಂತಿಯೇ, ಇದೇ ಹೊತ್ತಿಗೆ ಆಗುವುದು, ಅಂದಳು ತಂಗಿ. ಆದರೂ ರಕ್ತ ತೆಗೆದರು. ಅವಳ ಗಂಡ ನನ್ನ ಹತ್ತಿರ ಬಂದು ಮೆಲ್ಲಗೆ, "ಅಕ್ಕ, ನಿಮಗೇನೂ ಆಗ್ತಿಲ್ವಲ್ಲ? ನಿಮಗೆ ಆಗದಿದ್ರೆ ಅವಳಿಗೂ ಆಗಲ್ಲ ಅಲ್ವಾ?" ಎಂದು ಕೇಳಿದ. ನನ್ನ ಮೈಯನ್ನೇ ಅವನು ಗಡಿಯಾರದ ಹಾಗೆ ನೋಡುತ್ತಿದ್ದ. ನಾನೂ ಹಾಗೇ ನೋಡಿಕೊಳ್ಳುತ್ತಿದ್ದೆ.

ಅಮ್ಮ ಹೊರಗಿನ ಬೆಂಚಿನ ತುದಿಯಲ್ಲಿ ಕೂತಿದ್ದಳು. ಬೆಳಿಗ್ಗೆ ಚಹಾ ಕುಡಿದ ಮೇಲೆ ಅವಳು ಏನೂ ತಿಂದಿರಲಿಲ್ಲ. ಕ್ಯಾಂಟೀನಿನಿಂದ ಪಳಂಪೊರಿ, ಬಾಳೆಹಣ್ಣಿನ ಬಜ್ಜಿ, ತಂದು ಕೊಟ್ಟೆ. ಕೈಯಲ್ಲಿ ಹಿಡಿದುಕೊಂಡೇ ಕೂತಳು, ಎಣ್ಣೆ ಕಾಗದಕ್ಕೆ ಇಳಿಯಿತು. "ಅವಳು ಲೋಟ ಚಾಚಿದಳಲ್ಲ," ಅಂದಳು. ಅಷ್ಟೇ.

ದೀಪ ಹಾಕುವ ಹೊತ್ತಿಗೆ ಡಾಕ್ಟರು ಬಂದು, ಎಲ್ಲ ಸರಿಯಿದೆ, ಮನೆಗೆ ಹೋಗಿ ಅಂದರು. ಹೊರಡುವಾಗ ತಂಗಿಗೆ, "ಸೊಪ್ಪು ಬಿಡಬೇಡ, ಕೇಳಿತಾ? ಬೇಯಿಸಿ ತಿನ್ನು," ಅಂದರು.

ಸೋಮವಾರ ಪಟ್ಟಂನಲ್ಲಿ, ಮನೆಯಲ್ಲಿ ಬೆಳೆಸಬಹುದಾದ ಸೊಪ್ಪುಗಳ ಕರಪತ್ರ ನಮ್ಮ ಮೇಜಿನ ಮೇಲಿತ್ತು. ಮಾಯನ್ ಚೀರ ಅದರಲ್ಲಿ ಇತ್ತು. 'ಚೆನ್ನಾಗಿ ಬೇಯಿಸಿ ಬಳಸಿ' ಎಂಬ ಸಾಲು ಕೆಳಗೆ ಇದ್ದೇ ಇತ್ತು. ನಾನು ವಿಷ ಎಂಬ ಮಾತು ಹಾಕಬೇಕು ಅಂದೆ.

"ಆ ಮಾತು ಹಾಕಿದರೆ ಯಾರೂ ನೆಡುವುದಿಲ್ಲ ಚೇಚೀ," ಅಂದಳು ಜೊತೆಯವಳು. "ಜನ ಈಗಾಗಲೇ ಹೆದರಿ ತರಕಾರಿ ಬಿಟ್ಟಿದ್ದಾರೆ. ನಾವೂ ಹೆದರಿಸಬೇಕಾ?"

"ಹಾಕದಿದ್ದರೆ ಯಾರಾದರೂ ಅರೆದು ಕುಡಿಯುತ್ತಾರೆ."

"ಎಲೆಯನ್ನು ಹಸಿಯಾಗಿ ಅರೆದು ಕುಡಿಯುವವರು ಯಾರಿದ್ದಾರೆ?"

ನಾವಿದ್ದೇವೆ ಅಂದೆ. ದನಿ ಏರಿತ್ತು, ಆಚೆ ಮೇಜಿನವರು ತಿರುಗಿ ನೋಡಿದರು. ಅವಳ ಮಾತೂ ತಪ್ಪಲ್ಲ. ಹೆದರಿಕೆ ತಟ್ಟೆಯಿಂದ ಏನನ್ನು ತೆಗೆಯುತ್ತದೆ ಎಂದು ತಂಗಿಯ ಮನೆಯಲ್ಲಿ ನಾನೇ ನೋಡಿದ್ದೆ. ಕೊನೆಗೆ ಕಾಲು ಗಂಟೆ ಕುದಿಸಬೇಕೆಂದೂ, ಹಸಿ ಎಲೆ ಉಣ್ಣುವಂಥದ್ದಲ್ಲವೆಂದೂ ದಪ್ಪ ಅಕ್ಷರದಲ್ಲಿ ಮೇಲಕ್ಕೆ ತಂದೆವು. ವಿಷ ಎಂಬ ಮಾತು ಹಾಕಲಿಲ್ಲ. ಅದು ಸರಿಯೋ ಎಂದು ನನಗೆ ಇನ್ನೂ ಅನುಮಾನ.

ಆ ವಾರವೆಲ್ಲ ತಂಗಿಯ ಫೋನಿನಲ್ಲಿ ಒಂದೇ ದೂರು. ಅಮ್ಮ ಬೇಳೆಸಾರು, ಅನ್ನ, ಉಪ್ಪಿನಕಾಯಿ ಬಿಟ್ಟು ಬೇರೇನೂ ಮಾಡುತ್ತಿಲ್ಲ. ಮಾತೂ ಕಡಿಮೆ. ಟೀಚರ್ ಬಂದರೆ ಒಳಗೆ ಹೋಗಿ ಮಲಗುತ್ತಾಳೆ. ತಂಗಿ ಮತ್ತೆ ಬಿಸ್ಕತ್ತಿಗೆ ಇಳಿದಿದ್ದಳು. ತಪಾಸಣೆಗೆ ಹೆಚ್ಚು ದಿನ ಉಳಿದಿರಲಿಲ್ಲ.

"ನೀನೇ ಕೇಳಬಹುದಲ್ಲ, ಏನಾದರೂ ಸೊಪ್ಪು ಮಾಡು ಅಂತ," ಅಂದೆ.

"ಕೇಳಿದ್ರೆ ನನ್ನ ಮುಖ ನೋಡ್ತಾಳೆ ಅಕ್ಕ. ನಾನು ನಂಬ್ತೇನಾ ಇಲ್ವಾ ಅಂತ ನೋಡ್ತಾಳೆ. ನನಗೆ ಗೊತ್ತಿಲ್ಲ ಮಾರಾಯ್ತಿ, ನಂಬ್ತೇನಾ ಅಂತ."

ಮುಂದಿನ ಶನಿವಾರ ನಾನು ಹೋದಾಗ ಅಡುಗೆಮನೆಯಲ್ಲಿ ಪಾತ್ರೆ ಕುದಿಯುತ್ತಿತ್ತು. ಮುಚ್ಚಳ ಇರಲಿಲ್ಲ. ಅದೇ ಎಲೆ. ಅಮ್ಮ ಒಲೆಯ ಮುಂದೆ ನಿಂತಿದ್ದಳು, ಪಕ್ಕದಲ್ಲಿ ಟೀಚರ್. ಯಾರು ಯಾರನ್ನು ಕರೆದರು ಎಂದು ಆಮೇಲೆ ಕೇಳಿದಾಗ ಅಮ್ಮ, "ಅವರೇ ಬಂದ್ರು," ಅಂದಳು. ಟೀಚರ್, "ಚೇಚಿಯೇ ಕರೆದದ್ದು," ಅಂದರು. ಎಲೆ ಬಣ್ಣಗೆಟ್ಟು ಮಂಕಾದ ಮೇಲೂ ಅಮ್ಮ ಒಲೆ ಆರಿಸಲಿಲ್ಲ. ಟೀಚರ್, "ಸಾಕು, ಚೇಚೀ," ಅಂದರು. ಅಮ್ಮ ಇನ್ನೂ ಸ್ವಲ್ಪ ಹೊತ್ತು ಬಿಟ್ಟಳು. ನೀರು ಬಸಿದು, ಕಾಯಿತುರಿ ಹಾಕಿ ಪಲ್ಯ ಮಾಡಿದಳು.

ನಾವು ಮೂವರು ಮೇಜಿನ ಸುತ್ತ ಕೂತೆವು. ಅಮ್ಮ ಬಡಿಸಲಿಲ್ಲ. ಒಂದೇ ಒಂದು ತಟ್ಟೆ ತಂದಳು. ಅದರಲ್ಲಿ ಅನ್ನ, ಪಕ್ಕಕ್ಕೆ ಅನ್ನದಷ್ಟೇ ಪಲ್ಯ. ಕುರ್ಚಿ ಎಳೆದು ತಾನು ಕೂತಳು. ತಂಗಿಯ ಎದುರಿಗೇ.

ನನ್ನ ಅಮ್ಮ ನಮಗಿಂತ ಮೊದಲು ಉಂಡದ್ದನ್ನು ನಾನು ಅದುವರೆಗೆ ಕಂಡಿರಲಿಲ್ಲ. ಈ ವಿಷಯದಲ್ಲಿ ನನ್ನ ನೆನಪನ್ನು ನಂಬಬಹುದು ಎಂದುಕೊಂಡಿದ್ದೇನೆ. ಅವಳು ಉಣ್ಣುವುದೇ ನಾವು ಎದ್ದ ಮೇಲೆ, ಅಡುಗೆಮನೆಯ ಕಟ್ಟೆಗೆ ಒರಗಿ, ಬೋಗುಣಿಯಲ್ಲಿ ಉಳಿದದ್ದನ್ನು. ತಂಬುಳಿ ಚೆನ್ನಾಗಿದ್ದ ದಿನ ಅವಳಿಗೆ ತಂಬುಳಿ ಇರುತ್ತಿರಲಿಲ್ಲ. ಮನೆಮನೆಗೆ ಹೋಗಿ ಯಾರ ತಟ್ಟೆಗೆ ಏನು ಬೀಳುತ್ತದೆ ಎಂದು ಕೇಳುವ ನನಗೆ, ಅಮ್ಮನಿಗೆ ಸೊಪ್ಪು ಇಷ್ಟವೋ ಇಲ್ಲವೋ ಗೊತ್ತಿರಲಿಲ್ಲ.

ಅವಳು ಕಲಸಿ ಉಣ್ಣತೊಡಗಿದಳು. ತಂಗಿಯ ಗಂಡ ಗೋಡೆ ಗಡಿಯಾರ ನೋಡಿ, ನೋಡಿದ್ದಕ್ಕೆ ನಾಚಿ, ಕಣ್ಣು ಕೆಳಗೆ ಹಾಕಿದ. ಟೀಚರ್ ಬಾಗಿಲ ಹತ್ತಿರ ನಿಂತೇ ಇದ್ದರು. ಅಮ್ಮ ತಟ್ಟೆ ಖಾಲಿ ಮಾಡಿ, ಕೈ ತೊಳೆಯದೆ ಹಾಗೇ ಕೂತಳು.

"ಅಮ್ಮ, ಸಾಕು. ನನಗೆ ಹಾಕು," ಅಂದಳು ತಂಗಿ.

"ತಡಿ. ಸ್ವಲ್ಪ ಹೊತ್ತು ಹೋಗ್ಲಿ."

"ಎಂತದು ತಡಿಯುದು? ಆರಿ ಹೋಗ್ತದೆ."

"ಆರ್ಲಿ. ನಾನು ಉಣ್ಣುದು ಯಾವಾಗ್ಲೂ ಆರಿದ್ದೇ, ಎಂತ ಆಗುದಿಲ್ಲ."

ನಾವು ಕಾದೆವು. ಹಿಂದಿನ ಶನಿವಾರ ಆ ಯಂತ್ರದ ಸದ್ದು ಕೇಳುತ್ತಾ ಕಾದ ಹಾಗೆಯೇ, ಎಲ್ಲರೂ ಅಮ್ಮನ ಮುಖ ನೋಡುತ್ತಾ. ಕೆಳಗೆ ರಸ್ತೆಯಲ್ಲಿ ವಿಷವಿಲ್ಲದ ಪಚ್ಚಕ್ಕರಿ ಎಂದು ಮೈಕಿನಲ್ಲಿ ಕೂಗುತ್ತ ತರಕಾರಿಯ ಗಾಡಿ ಹೋಯಿತು.

ಮುಂದಿನ ತಪಾಸಣೆಯಲ್ಲಿ ತಂಗಿಯ ರಕ್ತ ಒಂದಿಷ್ಟು ಏರಿತ್ತು, ರಕ್ತನಾಳಕ್ಕೆ ಕೊಡುವ ಮಾತನ್ನು ಡಾಕ್ಟರು ಸದ್ಯಕ್ಕೆ ಬಿಟ್ಟರು. ಅದು ಪಲ್ಯದಿಂದ ಎಂದು ಹೇಳಿಕೊಳ್ಳಲು ನನಗೆ ಬಹಳ ಆಸೆ. ಮಾತ್ರೆಯನ್ನೂ ಬದಲಿಸಿದ್ದರು, ಅದಕ್ಕೆ ಹೇಳುವುದಿಲ್ಲ.

ಆ ಶನಿವಾರ ಮೇಜಿನ ಮುಂದೆ ಅಮ್ಮ ಕೊನೆಗೆ ಅಲುಗಾಡಿದಳು. ಬೆರಳಿಗೆ ಅಂಟಿದ್ದ ಪಲ್ಯದ ಚೂರನ್ನು ನಾಲಿಗೆಗೆ ಹಚ್ಚಿ ನೋಡಿದಳು.

"ಉಪ್ಪು ಕಮ್ಮಿ ಉಂಟಲ್ಲ," ಅಂದಳು. "ನಾನು ಯಾವಾಗ್ಲೂ ಹೀಗೇ ಹಾಕುದಾ? ಇಷ್ಟು ವರ್ಷ ನಿಮ್ಮಲ್ಲಿ ಒಬ್ರಾದ್ರೂ ಹೇಳ್ಬಾರ್ದಿತ್ತಾ?"

ತಂಗಿ ಉಪ್ಪಿನ ಭರಣಿಯನ್ನು ಅವಳ ಕಡೆ ತಳ್ಳಿದಳು. ಆಮೇಲೆ ಅಮ್ಮನ ಎಂಜಲು ತಟ್ಟೆಯನ್ನೇ ತನ್ನ ಕಡೆ ಎಳೆದುಕೊಂಡು, "ಇದರಲ್ಲೇ ಹಾಕು," ಅಂದಳು.